ನಿಮ್ಮ ಪಾಸ್‌ಪೋರ್ಟ್ ಯಾರ ಕೈಯಲ್ಲಿದೆ?

ನೆರೆಮನೆಯ ಮಾಮಿ ಉಮ್ರಾ ನಿರ್ವಹಿಸಿ ಬಂದಿದ್ದರು. ಅವರನ್ನು ಕಾಣಲು ನಾವು ನಾಲ್ಕೈದು ಮಂದಿ ಮಹಿಳೆಯರು ಹೋದೆವು. ಝಮ್‌ಝಮ್ ನೀರು, ಖರ್ಜೂರ ಕೊಟ್ಟು ಪಕ್ಕದಲ್ಲಿ ಕೂರಿಸಿಕೊಂಡ ಮಾಮಿ ಕಅಬಾವನ್ನು ಮೊದಲ ಬಾರಿ ಕಂಡ ಗಳಿಗೆಯನ್ನು ವಿವರಿಸುವಾಗ ಕಣ್ಣೊರೆಸಿಕೊಂಡರು. ಆಮೇಲೆ ದನಿ ತಗ್ಗಿಸಿ, ಮಕ್ಕಳಿಗೆ ಕೇಳಿಸದಂತೆ, ಇನ್ನೊಂದು ಸಂಗತಿ ಹೇಳಿದರು.

ಎರಡನೆಯ ರಾತ್ರಿ ಇಶಾ ನಮಾಝ್ ಮುಗಿದು ಹರಮ್‌ನಿಂದ ಹೊರಬರುವಾಗ ಅವರು ತಂಡದವರಿಂದ ಬೇರ್ಪಟ್ಟಿದ್ದರು. ಯಾವ ಬಾಗಿಲಿನಿಂದ ಒಳಗೆ ಹೋಗಿದ್ದರೆಂದು ನೆನಪಿಲ್ಲ. ಹೋಟೆಲಿನ ಹೆಸರು ಗೊತ್ತಿಲ್ಲ. ಮೊಬೈಲನ್ನು ಕೋಣೆಯಲ್ಲಿ ಚಾರ್ಜಿಗೆ ಹಾಕಿ ಬಂದಿದ್ದರು. ಪಾಸ್‌ಪೋರ್ಟ್ ಮಗನ ಚೀಲದಲ್ಲಿತ್ತು. ಅದರ ನಂಬರಾಗಲಿ, ಮಗನ ಸೌದಿ ಸಿಮ್ ನಂಬರಾಗಲಿ ಅವರಿಗೆ ತಿಳಿದಿರಲಿಲ್ಲ. ಕೇಳಿದವರಿಗೆಲ್ಲ ತನ್ನ ಹೆಸರು ಮತ್ತು ಊರಿನ ಹೆಸರು ಹೇಳುತ್ತಾ ಮೆಟ್ಟಲ ಮೇಲೆ ಕುಳಿತೇ ರಾತ್ರಿ ಕಳೆದರು. ಫಜ್ರ್ ಬಳಿಕ ಹುಡುಕುತ್ತಾ ಬಂದ ಮಗನ ಕಣ್ಣಿಗೆ ಬಿದ್ದರು.

"ಹೆಸರು ಹೇಳಲು ಗೊತ್ತಿತ್ತು ಮಗಳೇ. ಆದರೆ ನಾನು ಯಾರೆಂದು ತೋರಿಸಲು ಕೈಯಲ್ಲಿ ಒಂದು ಚೂರು ಕಾಗದ ಕೂಡ ಇರಲಿಲ್ಲ" ಎಂದರು ಮಾಮಿ.

ಜೊತೆಗಿದ್ದ ಒಬ್ಬರು, "ಅಲ್ಲಾಹನ ಮನೆಗೆ ಹೋದವರಿಗೆ ಕಾಗದದ ಚಿಂತೆ ಏಕೆ? ಅವನೇ ನೋಡಿಕೊಳ್ಳುತ್ತಾನೆ" ಎಂದು ಸಮಾಧಾನ ಹೇಳಿದರು. ಖಂಡಿತ, ಕಾಪಾಡುವವನು ಅವನೇ. ಆದರೆ ಒಂಟೆಯನ್ನು ಕಟ್ಟದೆ ಬಿಟ್ಟು ಅಲ್ಲಾಹನ ಮೇಲೆ ಭರವಸೆ ಇಡಲೇ ಎಂದು ಕೇಳಿದ ವ್ಯಕ್ತಿಗೆ, ಮೊದಲು ಅದನ್ನು ಕಟ್ಟಿ ಆ ಬಳಿಕ ಭರವಸೆ ಇಡುವಂತೆ ಪ್ರವಾದಿ(ಸ) ತಿಳಿಸಿದ ಘಟನೆಯನ್ನು ನಾವೆಲ್ಲ ಕೇಳಿದ್ದೇವೆ. ಪರದೇಶದ ಪ್ರಯಾಣದಲ್ಲಿ ಪಾಸ್‌ಪೋರ್ಟ್ ಎಂಬುದು ಕಟ್ಟಿ ಹಾಕಬೇಕಾದ ಒಂಟೆಯೇ.

ಕಾಲ ಬದಲಾಗಿದೆ

ನಮ್ಮ ಅಜ್ಜ-ಅಜ್ಜಿಯರ ಕಾಲದ ಹಜ್ಜ್ ಯಾತ್ರೆ ಬೇರೆಯೇ ರೀತಿಯದ್ದಾಗಿತ್ತು. ಮುಂಬೈಯಿಂದ ಜಿದ್ದಾಕ್ಕೆ ಹಡಗಿನಲ್ಲಿ ಹೋಗುತ್ತಿದ್ದರು. 1995ರಲ್ಲಿ ಆ ಹಡಗು ಪ್ರಯಾಣ ನಿಂತಿತು. ಅಂದು ಹಜ್ಜ್ ಸಮಿತಿಯ ಮೂಲಕ ಹೋಗುವವರಿಗೆ ಹಜ್ಜ್‌ಗೆಂದೇ ಪ್ರತ್ಯೇಕ ಪಾಸ್ ಸಿಗುತ್ತಿತ್ತು. 2009ರ ಹಜ್ಜ್‌ನಿಂದ ಸೌದಿ ಸರಕಾರವು ಎಲ್ಲರಿಗೂ ಅಂತಾರಾಷ್ಟ್ರೀಯ ಪಾಸ್‌ಪೋರ್ಟನ್ನು ಕಡ್ಡಾಯಗೊಳಿಸಿತು. ಹೀಗಾಗಿ ಅಡುಗೆಮನೆಯಿಂದ ತಾಲೂಕು ಕಚೇರಿಯವರೆಗೂ ಹೋಗಿರದ ಎಷ್ಟೋ ತಾಯಂದಿರ ಹೆಸರಿನಲ್ಲಿ ಪಾಸ್‌ಪೋರ್ಟ್ ಬಂತು.

ಇನ್ನೊಂದು ಬದಲಾವಣೆಯೂ ಆಗಿದೆ. 45 ವರ್ಷ ಮೀರಿದ ಮಹಿಳೆಯರು ತಂಡವಾಗಿ ಮಹ್ರಮ್ ಇಲ್ಲದೆ ಹಜ್ಜ್‌ಗೆ ತೆರಳಲು 2018ರಿಂದ ನಮ್ಮ ದೇಶದಲ್ಲಿ ಅವಕಾಶವಿದೆ. 2023ರಲ್ಲಿ ಹೀಗೆ ಹೋದವರ ಸಂಖ್ಯೆ 4 ಸಾವಿರಕ್ಕೂ ಹೆಚ್ಚು. ಈ ಬಗ್ಗೆ ವಿದ್ವಾಂಸರ ನಡುವೆ ಭಿನ್ನಾಭಿಪ್ರಾಯವಿದೆ. ಅದರ ಚರ್ಚೆಗೆ ಇದು ಜಾಗವಲ್ಲ. ಆದರೆ ಒಬ್ಬಳೇ ಹೋಗುವ ಮಹಿಳೆ ತನ್ನ ದಾಖಲೆಗಳಿಗೆ ತಾನೇ ಹೊಣೆ. ಗಂಡ, ಮಗನ ಜೊತೆ ಹೋಗುವವಳಿಗೂ ಜನಜಂಗುಳಿಯಲ್ಲಿ ಒಂದು ಗಳಿಗೆ ಒಂಟಿಯಾಗುವ ಸಂದರ್ಭ ಬಂದೇ ಬರುತ್ತದೆ.

"ಎಲ್ಲವೂ ಅವರ ಬಳಿ ಇದೆ" ಎಂಬ ಮಾತು ನಮ್ಮ ಮನೆಗಳಲ್ಲಿ ಸಾಮಾನ್ಯ. ಅದರಲ್ಲಿ ಪ್ರೀತಿ, ನಂಬಿಕೆ ಇದೆ, ನಿಜ. ಆದರೆ 'ಅವರು' ಕಣ್ಣಿಗೆ ಕಾಣದಾದ ಕ್ಷಣದಲ್ಲಿ ನಮ್ಮ ಬಳಿ ಏನಿದೆ ಎಂದು ಯಾರೂ ಕೇಳಿಕೊಳ್ಳುವುದಿಲ್ಲ.

ಹೊರಡುವ ಮೊದಲು

ಪಾಸ್‌ಪೋರ್ಟ್ ಕೈಗೆ ಬಂದ ದಿನವೇ ಅದನ್ನು ಬಿಡಿಸಿ ನೋಡಿ. ಇಂಗ್ಲಿಷ್ ಓದಲು ಬಾರದಿದ್ದರೆ ಮಗಳಿಂದಲೋ ಸೊಸೆಯಿಂದಲೋ ಓದಿಸಿಕೊಳ್ಳಿ. ಹೆಸರು, ಜನ್ಮದಿನಾಂಕ, ಅವಧಿ ಮುಗಿಯುವ ದಿನ ಇವನ್ನು ತಿಳಿದುಕೊಳ್ಳಿ. ದೊಡ್ಡವರ ಪಾಸ್‌ಪೋರ್ಟ್‌ಗೆ 10 ವರ್ಷ ಅವಧಿಯಿದೆ. ಮಕ್ಕಳದ್ದಕ್ಕೆ 5 ವರ್ಷ ಅಥವಾ 18 ತುಂಬುವವರೆಗೆ, ಯಾವುದು ಮೊದಲೋ ಅಷ್ಟೇ. ಸೌದಿ ವೀಸಾಕ್ಕೆ ಕನಿಷ್ಠ 6 ತಿಂಗಳ ಅವಧಿ ಉಳಿದಿರಬೇಕು. ತಮ್ಮದನ್ನು ನೋಡಿ, ಮಕ್ಕಳದ್ದನ್ನು ನೋಡಲು ಮರೆತು ಕೊನೆಯ ಗಳಿಗೆಯಲ್ಲಿ ಓಡಾಡುವ ಕುಟುಂಬಗಳಿವೆ.

ಪಾಸ್‌ಪೋರ್ಟ್ ನಂಬರಿನಲ್ಲಿ ಒಂದು ಅಕ್ಷರ ಮತ್ತು ಏಳು ಅಂಕಿಗಳಿವೆ. ಅದನ್ನು ಬಾಯಿಪಾಠ ಮಾಡಿಕೊಳ್ಳಿ. ಎಷ್ಟೋ ಸೂರಾಗಳನ್ನು, ದುಆಗಳನ್ನು ಕಂಠಪಾಠ ಮಾಡಿದ ನಮಗೆ ಇದು ಕಷ್ಟದ್ದೇನಲ್ಲ. ವಯಸ್ಸಾದವರಿಗೆ ಸಾಧ್ಯವಾಗದಿದ್ದರೆ ಸಣ್ಣ ಚೀಟಿಯಲ್ಲಿ ಬರೆದು ಕೊಡಿ. ಸಾಲದ ವ್ಯವಹಾರವನ್ನು ಬರೆದಿಡುವಂತೆ ಆದೇಶಿಸುವ ಸೂಕ್ತವೇ ಪವಿತ್ರ ಕುರ್‌ಆನಿನ ಅತ್ಯಂತ ದೀರ್ಘ ಸೂಕ್ತ. ಬರೆದಿಡುವುದು ಅಪನಂಬಿಕೆಯ ಗುರುತಲ್ಲ, ಅದು ಎಚ್ಚರಿಕೆಯ ಗುರುತು ಎಂಬುದಕ್ಕೆ ಇದಕ್ಕಿಂತ ದೊಡ್ಡ ಪಾಠ ಬೇಕೇ?

ಪಾಸ್‌ಪೋರ್ಟಿನ ಮೊದಲ ಮತ್ತು ಕೊನೆಯ ಪುಟ, ವೀಸಾ, ಟಿಕೆಟ್ ಇವುಗಳ ಮೂರು ಝೆರಾಕ್ಸ್ ಪ್ರತಿ ಮಾಡಿಸಿ. ಒಂದು ಪ್ರತಿ ನಿಮ್ಮ ದೊಡ್ಡ ಬ್ಯಾಗಿನ ಬಟ್ಟೆಗಳ ನಡುವೆ ಇರಲಿ. ಇನ್ನೊಂದು ಜೊತೆಗೆ ಬರುವವರ ಬ್ಯಾಗಿನಲ್ಲಿರಲಿ. ಮೂರನೆಯದನ್ನು ಊರಿನಲ್ಲಿ, ಫೋನ್ ಮಾಡಿದರೆ ಕೂಡಲೇ ಎತ್ತುವಂಥವರ ಬಳಿ ಇಡಿ. ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟರೂ ಒಳ್ಳೆಯದೇ. ಆದರೆ ಅದೊಂದನ್ನೇ ನೆಚ್ಚಬೇಡಿ. ಕಳ್ಳ ಬ್ಯಾಗ್ ಎತ್ತಿಕೊಂಡು ಹೋದರೆ ಅದರಲ್ಲಿ ಮೊಬೈಲೂ ಹೋಗುತ್ತದೆ. ಎರಡು ಪಾಸ್‌ಪೋರ್ಟ್ ಅಳತೆಯ ಫೋಟೋಗಳನ್ನೂ ಬೇರೆ ಕಡೆ ಇಟ್ಟಿರಿ.

ಆಧಾರ್ ಕಾರ್ಡ್ ಊರಿನ ವಿಮಾನ ನಿಲ್ದಾಣದ ಬಾಗಿಲವರೆಗೆ ಉಪಯೋಗಕ್ಕೆ ಬರಬಹುದು. ಸೌದಿಯಲ್ಲಿ ಅದು ಪಾಸ್‌ಪೋರ್ಟಿಗೆ ಬದಲಿಯಲ್ಲ. ಪಾಸ್‌ಪೋರ್ಟ್, ಆಧಾರ್, ಬ್ಯಾಂಕ್ ಕಾರ್ಡ್, ಹಣ ಎಲ್ಲವನ್ನೂ ಒಂದೇ ಪರ್ಸಿನಲ್ಲಿ ತುಂಬಿಸಿದರೆ ಒಂದೇ ಏಟಿಗೆ ಎಲ್ಲವೂ ಹೋಗುತ್ತದೆ.

ದಾರಿಯ ತಂಗುದಾಣಗಳಲ್ಲಿ

ಪಾಸ್‌ಪೋರ್ಟ್ ಕಳೆದುಹೋಗುವುದು ಹೆಚ್ಚಾಗಿ ಪ್ರಯಾಣದ ನಡುವೆ ಸ್ವಲ್ಪ ಹೊತ್ತು ನಿಂತ ಜಾಗಗಳಲ್ಲಿ. ವಿಮಾನ ಬದಲಿಸುವ ನಿಲ್ದಾಣ, ಜಿದ್ದಾದಿಂದ ಮಕ್ಕಾಕ್ಕೆ ಹೋಗುವ ಬಸ್, ಮದೀನಾದ ದಾರಿಯಲ್ಲಿ ಚಹಾಕ್ಕೆ ನಿಲ್ಲಿಸಿದ ಜಾಗ. ನಿದ್ದೆಗಣ್ಣಿನಲ್ಲಿ ಇಳಿಯುತ್ತೇವೆ, ಮಗು ಅಳುತ್ತಿರುತ್ತದೆ, ಕೈಯಲ್ಲಿ ನಾಲ್ಕು ಚೀಲ. ಸೀಟಿನ ಮುಂದಿನ ಜೇಬಿನಲ್ಲಿ ಇಟ್ಟದ್ದು ಅಲ್ಲೇ ಉಳಿಯುತ್ತದೆ. ಆದ್ದರಿಂದ ಒಂದು ನಿಯಮ ಮಾಡಿಕೊಳ್ಳಿ. ಎಲ್ಲಿ ಇಳಿದರೂ ಕಾಲು ನೆಲಕ್ಕೆ ತಾಗುವ ಮೊದಲು ಕೈ ಪಾಸ್‌ಪೋರ್ಟ್ ಇರುವ ಜಾಗವನ್ನು ಮುಟ್ಟಿ ನೋಡಲಿ.

ಎಚ್ಚರ ಬೇಕಾದ ಇನ್ನೊಂದು ಜಾಗ ವುಝೂ ಮಾಡುವ ಸ್ಥಳ ಮತ್ತು ಶೌಚಾಲಯ. ತೋಳು ಮಡಚಲೆಂದು ಚೀಲವನ್ನು ಪಕ್ಕದಲ್ಲಿಟ್ಟು, ನಮಾಝ್ ತಪ್ಪೀತೆಂಬ ಆತುರದಲ್ಲಿ ಹಾಗೆಯೇ ಓಡುತ್ತೇವೆ. ನಮಾಝಿನಲ್ಲಿಯೂ ಅಷ್ಟೇ. ಚಪ್ಪಲಿಯ ಚೀಲ, ನೀರಿನ ಬಾಟಲಿಯ ಚೀಲ, ದಾಖಲೆಗಳ ಚೀಲ ಎಲ್ಲವೂ ಸಾಲಿನ ಪಕ್ಕದಲ್ಲಿ ಒಟ್ಟಿಗೆ ಇದ್ದರೆ ಸಲಾಮ್ ಹೇಳಿದ ಬಳಿಕ ಯಾರದ್ದು ಯಾರಿಗೋ ಹೋಗುತ್ತದೆ.

ಇದಕ್ಕೆ ಪರಿಹಾರ ಸುಲಭ. ಬುರ್ಖಾದ ಒಳಗೆ ಕೊರಳಿಗೆ ಅಥವಾ ಸೊಂಟಕ್ಕೆ ಕಟ್ಟಿಕೊಳ್ಳುವ ಜಿಪ್ ಇರುವ ತೆಳು ಚೀಲ. ಅಂಗಡಿಯಲ್ಲಿ ಸಿಗುತ್ತದೆ, ಮನೆಯಲ್ಲೇ ಹೊಲಿಯಲೂಬಹುದು. ಒಳಗೆ ಒಂದು ಪ್ಲಾಸ್ಟಿಕ್ ಕವರ್ ಇರಲಿ. ಬೆವರು, ವುಝೂವಿನ ನೀರು ತಾಗಿ ಪುಟಗಳು ಒದ್ದೆಯಾದರೆ ವಿಮಾನ ನಿಲ್ದಾಣದಲ್ಲಿ ತೊಂದರೆಯಾಗಬಹುದು. ಇಹ್ರಾಮ್ ಧರಿಸಿದ ಪುರುಷರಿಗೆ ಜೇಬಿಲ್ಲ. ಆದ್ದರಿಂದ ಇಡೀ ಕುಟುಂಬದ ಪಾಸ್‌ಪೋರ್ಟುಗಳನ್ನು ಹೆಂಡತಿಯ ವ್ಯಾನಿಟಿ ಬ್ಯಾಗಿಗೆ ಸುರಿಯುವುದುಂಟು. ಅವರಿಗೂ ಸೊಂಟದ ಬೆಲ್ಟ್ ಕಟ್ಟಿಕೊಳ್ಳಲು ಹೇಳಿ. ಅವರವರದ್ದು ಅವರವರ ಬಳಿ ಇರಲಿ.

ಹರಮ್‌ಗೆ ಹೋಗುವಾಗ ಪ್ರತಿಸಲ ಅಸಲು ಪಾಸ್‌ಪೋರ್ಟ್ ಒಯ್ಯಬೇಕೆಂದಿಲ್ಲ. ಕೋಣೆಯಲ್ಲಿ ಬೀಗವಿರುವ ಲಾಕರ್ ಇದ್ದರೆ ಅಲ್ಲಿಟ್ಟು, ಝೆರಾಕ್ಸ್ ಪ್ರತಿ ಮತ್ತು ಹೋಟೆಲಿನ ಕಾರ್ಡ್ ಒಯ್ಯಿರಿ. ಆ ಕಾರ್ಡಿನಲ್ಲಿ ಹೋಟೆಲಿನ ಹೆಸರು ಅರಬಿಯಲ್ಲಿ ಇರುತ್ತದೆ. ನಮ್ಮ ಮಾಮಿಯ ಕೈಯಲ್ಲಿ ಅದೊಂದು ಕಾರ್ಡ್ ಇದ್ದಿದ್ದರೆ ಹತ್ತು ನಿಮಿಷದಲ್ಲಿ ಕೋಣೆ ಸೇರುತ್ತಿದ್ದರು. ಹಜ್ಜ್ ಯಾತ್ರಿಕರಿಗೆ 2024ರಿಂದ ನುಸುಕ್ ಕಾರ್ಡ್ ಕೊಡಲಾಗುತ್ತಿದೆ. ಹಜ್ಜ್ ಸಮಿತಿಯ ಮೂಲಕ ಹೋಗುವವರಿಗೆ ಕೈಗೆ ಹಾಕುವ ಉಕ್ಕಿನ ಬಳೆಯೂ ಸಿಗುತ್ತದೆ. ಚುಚ್ಚುತ್ತದೆ, ಚೆಂದ ಕಾಣುವುದಿಲ್ಲ ಎಂದು ಅವನ್ನು ತೆಗೆದಿಡಬೇಡಿ. ಪುಟ್ಟ ಮಕ್ಕಳ ಅಂಗಿಯ ಒಳಜೇಬಿನಲ್ಲಿ ಹೋಟೆಲಿನ ಹೆಸರು ಮತ್ತು ಅಲ್ಲಿ ನಡೆಯುವ ಮೊಬೈಲ್ ನಂಬರ್ ಬರೆದ ಚೀಟಿ ಇರಲಿ.

ಇನ್ನೊಬ್ಬರ ಕೈಗೆ ಕೊಡುವಾಗ

ಕೆಲವೊಮ್ಮೆ ತಂಡದ ಅಮೀರರು ಅಥವಾ ಏಜೆಂಟರು ಎಲ್ಲರ ಪಾಸ್‌ಪೋರ್ಟುಗಳನ್ನು ಒಟ್ಟಿಗೆ ಕೇಳಿ ಪಡೆಯುತ್ತಾರೆ. ಹೋಟೆಲಿನಲ್ಲಿ ಹೆಸರು ದಾಖಲಿಸಲು ಅದು ಬೇಕಾಗಬಹುದು. ಕೊಡಿ, ಆದರೆ ಮೂರು ಪ್ರಶ್ನೆ ಕೇಳಿ: ಏತಕ್ಕೆ? ಯಾರ ಬಳಿ ಇರುತ್ತದೆ? ಯಾವಾಗ ವಾಪಸ್? ಹೀಗೆ ಕೇಳಿದರೆ ಅಗೌರವವಾದೀತೆಂದು ಸಂಕೋಚ ಬೇಡ. ಅಮಾನತ್ ಪಡೆದವರು ಅದಕ್ಕೆ ಉತ್ತರ ಕೊಡಬೇಕಾದವರೇ. ಪ್ರವಾದಿ(ಸ) ಮಕ್ಕಾದಿಂದ ಹಿಜ್ರಾ ಹೊರಟಾಗ, ತಮ್ಮ ಬಳಿ ಜನರು ಇಟ್ಟಿದ್ದ ಅಮಾನತ್‌ಗಳನ್ನು ಮರಳಿಸಲು ಹ. ಅಲೀ(ರ)ಯವರನ್ನು ಅಲ್ಲಿಯೇ ಬಿಟ್ಟು ಹೋದರು. ಪ್ರಾಣಕ್ಕೆ ಅಪಾಯವಿದ್ದ ಆ ರಾತ್ರಿಯಲ್ಲೂ ಅಮಾನತ್ ಮರೆತಿರಲಿಲ್ಲ.

ಯಾತ್ರಿಕರಿಗೆ ಇದು ಕೆಲವು ದಿನಗಳ ಮಾತು. ಆದರೆ ಮನೆಗೆಲಸಕ್ಕೆಂದು ಗಲ್ಫ್‌ಗೆ ಹೋಗುವ ನಮ್ಮ ಬಡ ಸಹೋದರಿಯರಿಗೆ ಇದು ಬದುಕಿನ ಪ್ರಶ್ನೆ. ಮಾಲಕರು ಪಾಸ್‌ಪೋರ್ಟ್ ತೆಗೆದಿಟ್ಟುಕೊಂಡರೆ ಸಂಬಳ ಸಿಗದಿದ್ದರೂ ತಾಯಿ ತೀರಿಕೊಂಡರೂ ಊರಿಗೆ ಮರಳುವುದು ಕಷ್ಟ. ನೆನಪಿಡಿ, ನಮ್ಮ ದೇಶದ 1967ರ ಪಾಸ್‌ಪೋರ್ಟ್ ಕಾಯ್ದೆಯ ಪ್ರಕಾರ ಪಾಸ್‌ಪೋರ್ಟ್ ಕೇಂದ್ರ ಸರಕಾರದ ಸೊತ್ತು. ಅದನ್ನು ಹಿಡಿದಿಟ್ಟುಕೊಳ್ಳುವ ಹಕ್ಕು ಯಾವ ಮಾಲಕನಿಗೂ ಇಲ್ಲ. ಕುವೈತ್‌ನ 2015ರ ಮನೆಗೆಲಸದವರ ಕಾನೂನು ಕೆಲಸದವಳ ಒಪ್ಪಿಗೆಯಿಲ್ಲದೆ ಪಾಸ್‌ಪೋರ್ಟ್ ಇಟ್ಟುಕೊಳ್ಳುವುದನ್ನು ನಿಷೇಧಿಸುತ್ತದೆ. ಕತಾರ್‌ನ 2015ರ ಕಾನೂನಿನಲ್ಲಿ ಇದಕ್ಕೆ ದಂಡವಿದೆ. ಯುಎಇಯ 2022ರ ಕಾನೂನು ಗುರುತಿನ ದಾಖಲೆಗಳನ್ನು ತನ್ನ ಬಳಿ ಇಟ್ಟುಕೊಳ್ಳುವುದನ್ನು ಮನೆಗೆಲಸದವಳ ಹಕ್ಕೆಂದು ಹೇಳುತ್ತದೆ. ಕಾನೂನು ಇದ್ದ ಮಾತ್ರಕ್ಕೆ ಎಲ್ಲ ಮನೆಗಳಲ್ಲೂ ಪಾಲನೆಯಾಗುವುದಿಲ್ಲ, ನಿಜ. ಆದರೆ ಹಕ್ಕು ತಿಳಿದಿರುವವಳು ರಾಯಭಾರ ಕಚೇರಿಯ ಬಾಗಿಲು ತಟ್ಟಬಲ್ಲಳು. ಇಂಥ ದೂರುಗಳಿಗೆಂದೇ ನಮ್ಮ ವಿದೇಶಾಂಗ ಸಚಿವಾಲಯ 2015ರಲ್ಲಿ 'ಮದದ್' ಎಂಬ ವ್ಯವಸ್ಥೆ ಆರಂಭಿಸಿದೆ. ಊರಿನಲ್ಲಿರುವ ಮನೆಯವರೂ ಅದರಲ್ಲಿ ದೂರು ಸಲ್ಲಿಸಬಹುದು.

ಕಳೆದುಹೋದರೆ?

ಅಳುತ್ತಾ ಕೂರುವುದರಿಂದ ಪ್ರಯೋಜನವಿಲ್ಲ. ಮನೆಯವರು ಬೈದಾರೆಂದು ಮುಚ್ಚಿಡುವುದು ಇನ್ನೂ ಕೆಟ್ಟದ್ದು. ಮೊದಲು ಕೊನೆಯ ಬಾರಿ ಕೈಯಲ್ಲಿದ್ದ ಜಾಗಕ್ಕೆ ಹೋಗಿ ವಿಚಾರಿಸಿ. ತಂಡದ ಅಮೀರರಿಗೆ ತಿಳಿಸಿ. ಸಿಗದಿದ್ದರೆ ಅಂದೇ ಪೊಲೀಸರಲ್ಲಿ ದೂರು ಕೊಡಿ. ಮಕ್ಕಾ ಪ್ರದೇಶದಲ್ಲಿ ತುರ್ತು ಕರೆಯ ಸಂಖ್ಯೆ 911. ಬಳಿಕ ದೂರಿನ ಪ್ರತಿ, ಝೆರಾಕ್ಸ್ ಮತ್ತು ಫೋಟೋಗಳೊಂದಿಗೆ ಜಿದ್ದಾದಲ್ಲಿರುವ ಭಾರತೀಯ ಕಾನ್ಸುಲೇಟನ್ನು ಸಂಪರ್ಕಿಸಬೇಕು. ಮಕ್ಕಾ, ಮದೀನಾ ಎರಡೂ ಅದರ ವ್ಯಾಪ್ತಿಗೆ ಬರುತ್ತವೆ. ಹಜ್ಜ್ ಸಮಯದಲ್ಲಿ ಭಾರತೀಯ ಹಜ್ಜ್ ಮಿಷನ್‌ನ ಕಚೇರಿಗಳು ಮಕ್ಕಾ, ಮದೀನಾಗಳಲ್ಲಿಯೇ ಇರುತ್ತವೆ.

ಹೊಸ ಪಾಸ್‌ಪೋರ್ಟಿಗೆ ಸಮಯವಿಲ್ಲದಿದ್ದರೆ ತುರ್ತು ಪ್ರಮಾಣಪತ್ರ ಕೊಡುತ್ತಾರೆ. ಅದು ಊರಿಗೆ ಮರಳುವ ಒಂದು ಪ್ರಯಾಣಕ್ಕೆ ಮಾತ್ರ. ಬಂದ ಬಳಿಕ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ಹೊಸದಕ್ಕೆ ಅರ್ಜಿ ಹಾಕಬೇಕು. ಇನ್ನೊಂದು ಮಾತು: ಕಳೆದುಹೋಗಿದೆಯೆಂದು ದಾಖಲಾದ ಪಾಸ್‌ಪೋರ್ಟ್ ರದ್ದಾಗುತ್ತದೆ. ಆಮೇಲೆ ಯಾರಾದರೂ ತಂದುಕೊಟ್ಟರೂ ಅದರಲ್ಲಿ ಪ್ರಯಾಣಿಸಲು ಹೋಗಬೇಡಿ. ಸಿಕ್ಕಿತೆಂದು ತಿಳಿಸಿ ಕಚೇರಿಗೆ ಒಪ್ಪಿಸಿ.

ಈ ಎಲ್ಲ ಓಡಾಟದಲ್ಲಿ ಕೈಯಲ್ಲಿ ಝೆರಾಕ್ಸ್ ಇರುವವಳಿಗೂ ಇಲ್ಲದವಳಿಗೂ ಬಹಳ ಅಂತರವಿದೆ. ನಂಬರ್ ಗೊತ್ತಿದ್ದರೆ ದಾಖಲೆ ಹುಡುಕುವುದು ಸುಲಭ. ಗೊತ್ತಿಲ್ಲದಿದ್ದರೆ ನೀವು ಯಾರೆಂದು ಸಾಬೀತುಪಡಿಸುವುದೇ ಮೊದಲ ಕೆಲಸವಾಗುತ್ತದೆ. ಇಬಾದತ್‌ಗೆಂದು ಹೋದ ಅಮೂಲ್ಯ ದಿನಗಳು ಕಚೇರಿಯ ಬೆಂಚಿನಲ್ಲಿ ಕಳೆದುಹೋಗುತ್ತವೆ.

ಸಹೋದರಿಯರೇ, ಮನೆಯಲ್ಲಿ ಯಾರಾದರೂ ಹಜ್ಜ್, ಉಮ್ರಾಕ್ಕೆ ಅಥವಾ ಗಲ್ಫ್‌ನಲ್ಲಿರುವ ಮಕ್ಕಳ ಬಳಿಗೆ ಹೊರಟಿದ್ದರೆ ಇಂದು ಸಂಜೆ ಅವರ ಪಾಸ್‌ಪೋರ್ಟನ್ನು ಕಪಾಟಿನಿಂದ ತೆಗೆದು ಅವರ ಕೈಯಲ್ಲೇ ಕೊಡಿ. ಅವರ ಹೆಸರು, ಅವರ ನಂಬರ್ ಅವರಿಗೇ ತೋರಿಸಿ. ನಮ್ಮ ನೆರೆಮನೆಯ ಮಾಮಿ ಈಗ ಉಮ್ರಾಕ್ಕೆ ಹೊರಡುವ ಯಾರನ್ನು ಕಂಡರೂ ದುಆ ಮಾಡಲು ಹೇಳುವ ಮೊದಲು ಒಂದು ಪ್ರಶ್ನೆ ಕೇಳುತ್ತಾರೆ: "ನಿನ್ನ ಪಾಸ್‌ಪೋರ್ಟ್ ಎಲ್ಲಿದೆ ಮಗಳೇ?" 'ಅವರ ಬಳಿ' ಎಂದರೆ ಮಾಮಿ ಒಪ್ಪುವುದಿಲ್ಲ.

ಅಲ್ಲಾಹನು ಎಲ್ಲ ಯಾತ್ರಿಕರನ್ನು ಸುರಕ್ಷಿತವಾಗಿ ಮನೆ ಸೇರಿಸಲಿ. ಆಮೀನ್.