ದೊಡ್ಡ ಹುದ್ದೆ ಬಿಟ್ಟರು, ಕೇಸು ಬಿಡಲಿಲ್ಲ

ಕಾಪು ಕಡೆಯ ಬೆಳಪು ನಮಗೆಲ್ಲ ಗೊತ್ತಿರುವ ಊರೇ. ಹಿರಿಯ ವಕೀಲ ಬಿ.ವಿ. ಆಚಾರ್ಯ ಅವರು 1934ರಲ್ಲಿ ಹುಟ್ಟಿದ್ದು ಅಲ್ಲಿ. ಜಯಲಲಿತಾ ಅವರ ಅಕ್ರಮ ಆಸ್ತಿ ಪ್ರಕರಣವನ್ನು ಸುಪ್ರೀಂ ಕೋರ್ಟ್ 2003ರಲ್ಲಿ ಚೆನ್ನೈಯಿಂದ ಬೆಂಗಳೂರಿಗೆ ವರ್ಗಾಯಿಸಿದಾಗ, ಅದರ ವಿಶೇಷ ಸರಕಾರಿ ಅಭಿಯೋಜಕರಾದವರು ಇವರೇ.

2012ರಲ್ಲಿ ಅವರು ರಾಜ್ಯದ ಅಡ್ವೊಕೇಟ್ ಜನರಲ್ ಕೂಡ ಹೌದು. ಎರಡರಲ್ಲಿ ಒಂದನ್ನು ಬಿಡಿ ಎಂಬ ಮಾತು ಬಂತು. ಯಾರಾದರೂ ಯಾವುದನ್ನು ಬಿಡ್ತಾರೆ ಹೇಳಿ? ಆಚಾರ್ಯರು ಬಿಟ್ಟದ್ದು ಅಡ್ವೊಕೇಟ್ ಜನರಲ್ ಹುದ್ದೆಯನ್ನು! ಆದರೆ ಆರು ತಿಂಗಳಲ್ಲಿ, ಕಿರುಕುಳ ಸಾಕಾಗಿ, ಕೇಸಿನಿಂದಲೂ ಹೊರಬರಬೇಕಾಯ್ತು. ಇದನ್ನೂ ಹೇಳಲೇಬೇಕು.

2014ರಲ್ಲಿ ವಿಶೇಷ ನ್ಯಾಯಾಲಯ ಜಯಲಲಿತಾಗೆ 4 ವರ್ಷ ಜೈಲು, 100 ಕೋಟಿ ರೂ. ದಂಡ ವಿಧಿಸಿತು. ಮೇಲ್ಮನವಿಯಲ್ಲಿ ವಾದಿಸಿದ್ದ ಅಭಿಯೋಜಕರ ನೇಮಕವೇ ಸರಿಯಲ್ಲ ಎಂದು 2015ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದಾಗ, ಸರಕಾರ ಮತ್ತೆ ಆಚಾರ್ಯರನ್ನೇ ಕರೆಯಿತು. ವಯಸ್ಸು 80 ದಾಟಿತ್ತು. ಸಿಕ್ಕಿದ್ದು ಒಂದೇ ದಿನ. 18 ಪುಟದ ಲಿಖಿತ ವಾದ ಕೊಟ್ಟರು.

ಮೇ 11ರಂದು ಹೈಕೋರ್ಟ್ ಎಲ್ಲರನ್ನೂ ಬಿಡುಗಡೆ ಮಾಡಿತು. ತೀರ್ಪಿನಲ್ಲಿ ಸಾಲದ ಮೊತ್ತ 24.17 ಕೋಟಿ ಎಂದಿತ್ತು. ಆಚಾರ್ಯರು ಕೂಡಿಸಿ ನೋಡಿದರೆ 10.67 ಕೋಟಿ ಮಾತ್ರ! ಕರ್ನಾಟಕ ಸುಪ್ರೀಂ ಕೋರ್ಟಿಗೆ ಹೋಯಿತು. 2017ರ ಫೆಬ್ರವರಿ 14ರಂದು ಶಿಕ್ಷೆ ಮತ್ತೆ ಊರ್ಜಿತವಾಯಿತು. ಅಷ್ಟರಲ್ಲಿ ಜಯಲಲಿತಾ ತೀರಿಹೋಗಿದ್ದರು. ಶಶಿಕಲಾ ಪರಪ್ಪನ ಅಗ್ರಹಾರ ಜೈಲಿಗೆ ಹೋದರು.