ಸದ್ದು ಬಂತು, ಚಿತ್ರ ಬರಲಿಲ್ಲ!

‘ದುಡ್ಡು ಕಟ್ಟಿ ರೇಡಿಯೋ ಕೇಳ್ತಿದ್ದೀಯೇನ್ಲಾ?’

ಅಟ್ಟದಿಂದ ಕಾಯಿ ಇಳಿಸುತ್ತಿದ್ದ ಅಪ್ಪನ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಕಂಪ್ಯೂಟರ್ ಪರದೆ ಕಪ್ಪಗಿತ್ತು. ಸ್ಪೀಕರಿನಲ್ಲಿ ಮೇಷ್ಟ್ರು ಮಾತ್ರ ಭಾರೀ ಉತ್ಸಾಹದಿಂದ, ‘ಈ ನಾಲ್ಕು ಚಿತ್ರ ನೋಡಿ, ಐದನೆಯದು ಯಾವುದು ಹೇಳಿ’ ಎನ್ನುತ್ತಿದ್ದರು.

ತಿಪಟೂರು–ತುರುವೇಕೆರೆ ನಡುವಿನ ಹಳ್ಳಿ ನಮ್ಮದು. ಪದವಿ ಮುಗಿಸಿ ಪಿಡಿಒ ಪರೀಕ್ಷೆಗೆ ಓದುತ್ತಿದ್ದೇನೆ. ಕೊಬ್ಬರಿ ಮಾರಿದ ಹಣದಲ್ಲಿ ಅಪ್ಪ ಕೊಟ್ಟ ನಾಲ್ಕು ಸಾವಿರದಲ್ಲಿ ಆನ್‌ಲೈನ್ ಕೋರ್ಸ್ ಸೇರಿದ್ದೆ. 90 ದಿನವಷ್ಟೇ ಅವಧಿ. ಮುಚ್ಚಿಹೋದ ಸೈಬರ್ ಸೆಂಟರೊಂದರ ಹಳೇ ಕಂಪ್ಯೂಟರ್, ಮೊಬೈಲಿನಿಂದ ಇಂಟರ್‌ನೆಟ್. ಮೊಬೈಲಿನಲ್ಲೇ ನೋಡೋಣವೆಂದರೆ ಅದರ ಒಡೆದ ಗಾಜಿನಲ್ಲಿ ಚಿತ್ರದ ಗೆರೆ ಯಾವುದು, ಬಿರುಕು ಯಾವುದು ತಿಳಿಯದು.

ಐದು ದಿನ ನೆಟ್‌ವರ್ಕ್ ಬೈಯುವುದರಲ್ಲೇ ಕಳೆಯಿತು. ಮೊಬೈಲನ್ನು ಕಿಟಕಿಗೆ ಕಟ್ಟಿದೆ, ಸಿಮ್ ಬದಲಿಸಿದೆ. ಗೂಗಲ್ ಮಾಡಿದರೆ ಯಾರೋ ‘ಫ್ಲ್ಯಾಶ್ ಪ್ಲೇಯರ್ ಹಾಕಿಕೊಳ್ಳಿ’ ಎಂದಿದ್ದರು. ಅಡೋಬ್ ಕಂಪನಿ 2020ರ ಕೊನೆಗೇ ಫ್ಲ್ಯಾಶ್ ನಿಲ್ಲಿಸಿದೆ. ಈಗ ಅದನ್ನು ಇನ್‌ಸ್ಟಾಲ್ ಮಾಡಿ ಎನ್ನುವ ಲಿಂಕ್ ಕಂಡರೆ ದೂರವಿರಿ, ವೈರಸ್ ಇರುವ ಸಾಧ್ಯತೆಯೇ ಹೆಚ್ಚು.

ಕೊನೆಗೆ ಚಿಕ್ಕನಾಯಕನಹಳ್ಳಿಯ ಗೆಳೆಯನಿಗೆ ಫೋನ್ ಮಾಡಿದೆ. ‘ಯೂಟ್ಯೂಬ್ ಓಡುತ್ತಾ?’ ಎಂದ. ಓಡುತ್ತಿತ್ತು, ಆದರೆ ತಡವರಿಸುತ್ತಾ. ವಿಡಿಯೊ ಮೇಲೆ ಮೌಸ್‌ನ ಬಲಗುಂಡಿ ಒತ್ತಿ ‘ಸ್ಟ್ಯಾಟ್ಸ್ ಫಾರ್ ನರ್ಡ್ಸ್’ ತೆರೆಯಲು ಹೇಳಿದ. ಇಂಥದ್ದೊಂದು ಇದೆಯೆಂದು ನನಗೆ ಗೊತ್ತೇ ಇರಲಿಲ್ಲ. ಅದರಲ್ಲಿ ‘ಬಫರ್ ಹೆಲ್ತ್’ ಎಂದರೆ ಮುಂಚಿತವಾಗಿ ಬಂದು ಕೂತಿರುವ ವಿಡಿಯೊ ಎಷ್ಟು ಸೆಕೆಂಡಿನದು ಎಂಬ ಲೆಕ್ಕ. ಅದು ಸೊನ್ನೆಗೆ ಇಳಿಯುತ್ತಿದ್ದರೆ ತಪ್ಪು ನೆಟ್‌ನದು. ನನ್ನದು 30 ಸೆಕೆಂಡಿನ ಆಸುಪಾಸಿನಲ್ಲೇ ಇತ್ತು. ಆದರೆ ‘ಡ್ರಾಪ್ಡ್ ಫ್ರೇಮ್ಸ್’ ಸಂಖ್ಯೆ ಏರುತ್ತಲೇ ಇತ್ತು. ಅಂದರೆ ಬಂದ ವಿಡಿಯೊವನ್ನು ತೋರಿಸಲು ನನ್ನ ಕಂಪ್ಯೂಟರಿಗೇ ಕೈಲಾಗುತ್ತಿರಲಿಲ್ಲ. ಐದು ದಿನ ಸುಮ್ಮನೆ ನೆಟ್‌ವರ್ಕನ್ನು ಬೈದಿದ್ದೆ!

ಅಪ್ಪ ಕಾಯಿಯನ್ನು ಕಿವಿ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ನೀರು ಕುಲುಕಿದರೆ ಇನ್ನೂ ಒಣಗಿಲ್ಲ, ಗಿಟುಕು ಲೊಡಲೊಡ ಅಂದರೆ ಒಡೆಯಬಹುದು. ಗೆಳೆಯನದೂ ಅದೇ ಕ್ರಮ, ಒಂದೊಂದೇ ಅಲ್ಲಾಡಿಸಿ ನೋಡುವುದು. ಇನ್‌ಕಾಗ್ನಿಟೋದಲ್ಲಿ ಕೋರ್ಸ್ ತೆರೆಸಿದ. ಅಲ್ಲಿ ಸಾಮಾನ್ಯವಾಗಿ ಎಕ್ಸ್‌ಟೆನ್ಷನ್‌ಗಳು ಕೆಲಸ ಮಾಡುವುದಿಲ್ಲ. ಆದರೂ ಕಪ್ಪೇ. ಆ್ಯಡ್‌ಬ್ಲಾಕರ್ ನಿರಪರಾಧಿ. ಫೈರ್‌ಫಾಕ್ಸ್‌ನಲ್ಲಿ ತೆರೆದರೆ ಮೇಷ್ಟ್ರ ಮುಖ ಬಂತು! ನೆಟ್ಟೂ ಸರಿ, ಕೋರ್ಸೂ ಸರಿ. ಜಗಳ ಕ್ರೋಮ್‌ಗೂ ನನ್ನ ಹಳೇ ಗ್ರಾಫಿಕ್ಸ್‌ಗೂ.

ವಿಡಿಯೊಗಳು ಕುಗ್ಗಿಸಿದ ರೂಪದಲ್ಲಿ ಬರುತ್ತವೆ. ಅದನ್ನು ಬಿಡಿಸುವ ಕೆಲಸವನ್ನು ಬ್ರೌಸರ್ ಸಾಧ್ಯವಾದರೆ ಗ್ರಾಫಿಕ್ಸ್ ಚಿಪ್‌ಗೆ ವಹಿಸುತ್ತದೆ. ಕೋರ್ಸ್‌ನ ವಿಡಿಯೊ ಎಚ್.264 ಎಂಬ ಹಳೇ ಬಗೆಯದು. ಚಿಪ್ ಒಪ್ಪಿಕೊಂಡಿತು, ಆದರೆ ಅದರ ಹಳೇ ಡ್ರೈವರ್ ಕೈಕೊಟ್ಟು ಕಪ್ಪು ತೋರಿಸಿತು. ಯೂಟ್ಯೂಬ್‌ನ ವಿಪಿ9 ಆ ಚಿಪ್‌ಗೆ ಗೊತ್ತೇ ಇಲ್ಲ. ಹಾಗಾಗಿ ಪ್ರೊಸೆಸರೇ ಹೊತ್ತು ಏದುಸಿರು ಬಿಡುತ್ತಿತ್ತು.

ಪರಿಹಾರ ಅರ್ಧ ನಿಮಿಷದ್ದು. ಕ್ರೋಮ್‌ನ ಸೆಟ್ಟಿಂಗ್ಸ್‌ನಲ್ಲಿ ‘ಸಿಸ್ಟಮ್’ಗೆ ಹೋಗಿ, ಗ್ರಾಫಿಕ್ಸ್ ಆ್ಯಕ್ಸಲರೇಷನ್ ಆಫ್ ಮಾಡಿ, ರೀಲಾಂಚ್ ಒತ್ತಿದೆ. ಚಿತ್ರ ಬಂತು. ಈಗ ಎಲ್ಲ ಭಾರವೂ ಪ್ರೊಸೆಸರ್ ಮೇಲೆಯೇ. ಅದಕ್ಕೇ 480ಪಿಗಿಂತ ಮೇಲೆ ಹೋಗುವುದಿಲ್ಲ. ಬೋರ್ಡಿನ ಅಕ್ಷರಕ್ಕೆ ಅಷ್ಟು ಸಾಕು.

ಇನ್ನೊಂದು ಮಾತು. ಕರೆಂಟ್ ಹೋಗಿ ಬಂದಾಗಲೆಲ್ಲ ‘ನಿಮ್ಮ ಗಡಿಯಾರ ಹಿಂದಿದೆ’ ಎಂದು ಕ್ರೋಮ್ ಹಟ ಹಿಡಿದರೆ ಕಂಪ್ಯೂಟರಿನ ತಾರೀಖು ನೋಡಿ. ನನ್ನದು 2010ಕ್ಕೆ ಓಡಿಹೋಗುತ್ತಿತ್ತು. ತಾರೀಖು ತಪ್ಪಿದ್ದರೆ ಸೈಟ್‌ನ ಭದ್ರತಾ ಪ್ರಮಾಣಪತ್ರವನ್ನು ಬ್ರೌಸರ್ ಒಪ್ಪುವುದಿಲ್ಲ. ಮದರ್‌ಬೋರ್ಡಿನ ನಾಣ್ಯದಂಥ ಸಿಆರ್2032 ಸೆಲ್ ಬದಲಿಸಿದೆ, ಸರಿಹೋಯಿತು. ಗೆಳೆಯನ ತಂಗಿಯದು ವಿಂಡೋಸ್ 7. ಅದಕ್ಕೆ 2023ರ ಜನವರಿಯ 109ನೇ ಆವೃತ್ತಿಯೇ ಕೊನೆಯ ಕ್ರೋಮ್, ಅದರ ಮುಂದೆ ಅಪ್‌ಡೇಟ್ ಬರುವುದಿಲ್ಲ.

ಮೊನ್ನೆ ಅಪ್ಪ ಬಂದು ಪರದೆ ಇಣುಕಿದರು. ಮೇಷ್ಟ್ರು ಬೋರ್ಡಿನ ಮೇಲೆ ತ್ರಿಕೋನ ಬರೆಯುತ್ತಿದ್ದರು. ‘ಓ, ಇವರೇನಾ ಅವತ್ತು ರೇಡಿಯೋಲಿದ್ದೋರು?’ ಎಂದು ಕಾಯಿ ಸುಲಿಯಲು ಹೋದರು. ಅವಧಿ ಮುಗಿಯಲು ಇನ್ನು 31 ದಿನ, ಬಾಕಿ 64 ಪಾಠ.