ಭಾರ ಎತ್ತುವ ಮಗಳಿಗೆ ಮಂಡಿ ನೋವೇ?

"ಅಮ್ಮಾ, ಬಸ್ಕಿ ಹೊಡೆಯುವಾಗ ಮಂಡಿ ಚುಳ್ ಅನ್ನುತ್ತೆ" ಎಂದು ಜಿಮ್‌ನಿಂದ ಬಂದ ಮಗಳು ಹೇಳಿದರೆ ನೀವೇನು ಮಾಡುತ್ತೀರಿ? ಎಣ್ಣೆ ಬಿಸಿ ಮಾಡಿ ತಿಕ್ಕುತ್ತೀರಿ. ಜೊತೆಗೇ, "ಸಾಕು ಬಿಡೇ, ಹೆಣ್ಣುಮಕ್ಕಳಿಗೆ ಯಾಕೆ ಬೇಕು ಆ ಭಾರ ಎತ್ತೋ ಉಸಾಬರಿ?" ಎನ್ನುತ್ತೀರಿ. ಎಣ್ಣೆ ತಿಕ್ಕುವುದರಲ್ಲಿ ತಪ್ಪಿಲ್ಲ. ಎರಡನೆಯ ಮಾತನ್ನು ಮಾತ್ರ ಸ್ವಲ್ಪ ತಡೆದುಕೊಳ್ಳಿ.

ಮಣಿಪುರದ ಮೀರಾಬಾಯಿ ಚಾನು 2017ರಲ್ಲಿ ವಿಶ್ವ ಚಾಂಪಿಯನ್ ಆದವರು. ಮರುವರ್ಷವೇ ಸೊಂಟದ ನೋವಿನಿಂದ ಏಷ್ಯನ್ ಕ್ರೀಡಾಕೂಟವನ್ನು ಬಿಡಬೇಕಾಯಿತು. 2020ರಲ್ಲಿ ಬೆನ್ನು, ಭುಜಗಳ ತೊಂದರೆಗೆ ಅಮೆರಿಕಕ್ಕೆ ಹೋಗಿ ಚಿಕಿತ್ಸೆ ಪಡೆದರು. 2021ರ ಜುಲೈನಲ್ಲಿ, ಟೋಕಿಯೊ ಒಲಿಂಪಿಕ್ಸ್‌ನ 49 ಕಿಲೋ ವಿಭಾಗದಲ್ಲಿ ಒಟ್ಟು 202 ಕಿಲೋ ಎತ್ತಿ ಬೆಳ್ಳಿ ಗೆದ್ದರು! ನೋವು ಬಂದ ದಿನವೇ ಎಲ್ಲ ಬಿಟ್ಟು ಕೂತಿದ್ದರೆ?

ನೋವು ಒಂದು ಕಡೆ, ಅದರ ಮೂಲ ಇನ್ನೊಂದು ಕಡೆ ಇರಬಹುದು. ಪಾದದ ಕೀಲು ಬಿಗಿಯಾಗಿದ್ದರೆ ಆಳವಾಗಿ ಕುಳಿತಾಗ ಹಿಮ್ಮಡಿ ಮೇಲೇಳುತ್ತದೆ, ಇಲ್ಲವೇ ಮೈ ಮುಂದಕ್ಕೆ ವಾಲುತ್ತದೆ. ಆಗ ಮಂಡಿಗೋ ಸೊಂಟಕ್ಕೋ ಹೆಚ್ಚಿನ ಹೊರೆ ಬೀಳುತ್ತದೆ.

ಮನೆಯಲ್ಲೇ ಪರೀಕ್ಷಿಸಿ ನೋಡಿ. ಬರಿಗಾಲಿನಲ್ಲಿ ಗೋಡೆಗೆ ಎದುರಾಗಿ, ಹೆಬ್ಬೆರಳು ಗೋಡೆಯಿಂದ 4 ಅಂಗುಲ ದೂರ ಇರುವಂತೆ ನಿಲ್ಲಲಿ. ಹಿಮ್ಮಡಿ ಎತ್ತದೆ ಮಂಡಿಯನ್ನು ಗೋಡೆಗೆ ತಾಗಿಸಲಿ. ಆಗಲಿಲ್ಲವೇ? ಒಂದು ಕಾಲಿಗೆ ಆಗಿ ಇನ್ನೊಂದಕ್ಕೆ ಆಗಲಿಲ್ಲವೇ? ಹಾಗಾದರೆ ಕೀಲು ಬಿಗಿದಿದೆ ಎನ್ನಿ. ಇದನ್ನೇ ನಿಧಾನವಾಗಿ, ದಿನಾ ಒಂದೊಂದು ಕಾಲಿಗೆ 10-15 ಸಲ ಮಾಡಲಿ. ಗುಣ ಕಾಣಲು ಕೆಲವು ವಾರಗಳೇ ಬೇಕು.

ಮಂಡಿ ಚಿಪ್ಪಿನ ಕೆಳಗೆ ನೋವಿದ್ದರೆ, ಗೋಡೆಗೆ ಬೆನ್ನು ಒರಗಿಸಿ, ಕುರ್ಚಿಯ ಮೇಲೆ ಕುಳಿತಂತೆ ಅರ್ಧ ಬಗ್ಗಿ 30ರಿಂದ 45 ಸೆಕೆಂಡು ನಿಲ್ಲಬಹುದು. ಮಧ್ಯೆ ವಿರಾಮ ಕೊಟ್ಟು ನಾಲ್ಕೈದು ಸಲ ಮಾಡಿದರೆ ಸಾಕು.

ಭಾರ ಎತ್ತುವುದನ್ನು ಪೂರ್ತಿ ನಿಲ್ಲಿಸಬೇಕಿಲ್ಲ, ತೂಕ ಇಳಿಸಲಿ. ಮರುದಿನ ಬೆಳಿಗ್ಗೆ ಎದ್ದಾಗ ನೋವು ಹೆಚ್ಚದಿದ್ದರೆ ಆ ತೂಕ ಸರಿ. ಹೆಚ್ಚಿದ್ದರೆ ಇನ್ನೂ ಇಳಿಸಲಿ. ನೋವಿನ ಮಾತ್ರೆ ನುಂಗಿ ಭಾರ ಎತ್ತುವುದು ಮಾತ್ರ ಖಂಡಿತ ಬೇಡ! ನೋವು ದೇಹ ಕೊಡುವ ಎಚ್ಚರಿಕೆ. ಅದರ ಬಾಯಿ ಮುಚ್ಚಿಸಿದರೆ ನಮಗೇ ನಷ್ಟ.

ಕೀಲು ಊದಿ ಬಿಸಿಯಾದರೆ, ಬಗ್ಗಿಸಿದ ಮಂಡಿ ಹಾಗೇ ಸಿಕ್ಕಿಕೊಂಡರೆ, ಕಾಲು ಜೋಮು ಹಿಡಿದರೆ, ರಾತ್ರಿ ನಿದ್ದೆ ಕೆಡುವಷ್ಟು ನೋವಿದ್ದರೆ ತಡಮಾಡದೆ ಮೂಳೆ ವೈದ್ಯರಿಗೆ ತೋರಿಸಿ.

ಅಂದಹಾಗೆ, ಬಿಂದಿಗೆ, ಅಕ್ಕಿ ಮೂಟೆ, ಗ್ಯಾಸ್ ಸಿಲಿಂಡರು ಎತ್ತುವ ನೀವೇನು ಕಡಿಮೆ ಭಾರದವರೇ! ಮಗಳ ಪಕ್ಕದಲ್ಲಿ ನೀವೂ ಒಮ್ಮೆ ಗೋಡೆಗೆ ಮಂಡಿ ತಾಗಿಸಿ ನೋಡಿ. "ಬಿಟ್ಟುಬಿಡು" ಅನ್ನುವ ಅಮ್ಮನಿಗಿಂತ, "ಬಾ, ಇಬ್ಬರೂ ಮಾಡೋಣ" ಅನ್ನುವ ಅಮ್ಮ ಮಗಳಿಗೆ ಹೆಚ್ಚು ಬೇಕು.